ಹದಿನೇಳು ಕಡ್ಡಿಗಳ ಮೇಲೆ ನನ್ನ ಸಿಟ್ಟು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ? ನನ್ನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಸದಾ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಹೊಸನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ಮನುಷ್ಯ ನಾನು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಬಿ ಸ್ಕ್ವೇರ್ ಎಂದು ಮಕ್ಕಳು ಇಪ್ಪತ್ತೆರಡು ವರ್ಷದಿಂದಲೂ ಬರೆಯುತ್ತಿದ್ದಾರೆ. ಮಕ್ಕಳು ಬದಲಾಗಿದ್ದಾರೆ, ತಪ್ಪು ಮಾತ್ರ ಬದಲಾಗಿಲ್ಲ. ನಡುವೆ ಇದ್ದ ಟೂ ಎಬಿ ಎಲ್ಲಿ ಹೋಯಿತೋ ಎಂದು ಗದರಿದರೆ ಬೆಂಚಿನ ಕೆಳಗೆ ಬಗ್ಗಿ ನೋಡುತ್ತಾರೆ. ಇಂಥ ಕೆಲಸ ಮಾಡುವವನಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕು, ನೀವೇ ಹೇಳಿ.

ಶಾಲೆಯಲ್ಲಿ ಆದದ್ದಾಯಿತು, ಮನೆಯಲ್ಲಾದರೂ ಗಣಿತಕ್ಕೆ ಮರ್ಯಾದೆ ಇದೆಯೋ ಎಂದರೆ ಅದೂ ಇಲ್ಲ. ನನ್ನ ಅಮ್ಮ ಇವತ್ತಿಗೂ ಅಕ್ಕಿ ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾಳೆ. ಲಾಭ, ಎರಡು, ಮೂರು, ಹೀಗೆ. ಹಳಬರ ಪದ್ಧತಿ, ಹಾಗೆ ಶುರು ಮಾಡಿದರೆ ಶುಭವಂತೆ. ಮೂರನೇ ಕ್ಲಾಸಿನಲ್ಲಿದ್ದಾಗಲೇ ನಾನು ಇದರ ಮೇಲೆ ಜಗಳ ತೆಗೆದು ಬೆನ್ನಿಗೆ ಗುದ್ದು ತಿಂದಿದ್ದೇನೆ. ಹೆಂಡತಿ ಸುಮ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಪಿಸುಮಾತಿನ ನಡುವೆ ಇರುವವಳಾದ್ದರಿಂದ ನಾನು ಸಹಜವಾಗಿ ಮಾತಾಡಿದರೂ ಅವಳಿಗೆ ಕೂಗಾಡಿದಂತೆ ಕೇಳಿಸುತ್ತದೆ. ಇನ್ನು ಮಗಳು ಪ್ರಣತಿ, ಐದನೇ ಕ್ಲಾಸು. ಗಣಿತದ ಮೇಷ್ಟ್ರ ಮಗಳು ಗಣಿತದಲ್ಲಿ ಹಿಂದೆ ಬೀಳಬಾರದೆಂದು ದಿನಾ ಸಂಜೆ ನಾನೇ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದೆ. ಅವಳೋ, ಪುಸ್ತಕ ತೆಗೆದ ಕೂಡಲೇ ಹೊಟ್ಟೆನೋವು ಎನ್ನುತ್ತಿದ್ದಳು. ಪುಸ್ತಕ ಮುಚ್ಚಿದರೆ ನೋವು ಹೋಗುತ್ತಿತ್ತು. ಇದು ಕಳ್ಳಾಟ ಎಂದು ಕಂಡುಹಿಡಿಯಲು ಡಾಕ್ಟರ್ ಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೌಕಟ್ಟು. ಅದಕ್ಕೆ ಹದಿನೇಳು ಕಡ್ಡಿ, ಕಡ್ಡಿಗೆ ಐದೈದು ಮಣಿ. ಬೆನ್ನು ತಿಕ್ಕುವ ಸಾಮಾನು ಇರಬೇಕೆಂದು ಬೆನ್ನಿಗೆ ಹಿಡಿದು ನೋಡಿಯೂ ಬಿಟ್ಟೆ. ಅಷ್ಟರಲ್ಲಿ ಸುಮ ಒಳಗಿನಿಂದ ಬಂದು, “ಅಯ್ಯೋ, ಇಡಿ ಅದನ್ನ. ಪುಟ್ಟಿದು ಅದು. ಅಬಾಕಸ್ ಕ್ಲಾಸಿಗೆ ಸೇರ್ಸಿದೀನಿ” ಎಂದಳು.

“ಯಾರನ್ನ ಕೇಳಿ ಸೇರ್ಸಿದೆ?”

“ಯಾರನ್ನೂ ಕೇಳಿಲ್ಲ. ನಿಮ್ಮನ್ನ ಕೇಳಿದ್ರೆ ಬ್ಯಾಡ ಅಂತಿದ್ರಿ, ಅದಕ್ಕೇ.”

ಅಡುಗೆಭಟ್ಟರ ಮನೆಗೆ ಹೋಟೆಲಿನಿಂದ ಪಾರ್ಸಲ್ ತರಿಸಿದರೆ ಭಟ್ಟರಿಗೆ ಹೇಗಾದೀತು? ನನಗೆ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಸಂಜೆ ಹೊತ್ತು ಅವಳಿಗೆ ಆ ಕ್ಲಾಸು, ಆ ಕ್ಲಾಸಿನ ಹೋಮ್‌ವರ್ಕು. ನನ್ನ ಹತ್ತಿರ ಕೂರಲು ಪುರಸೊತ್ತೇ ಇಲ್ಲ. ಇನ್ನೊಂದು ಆಶ್ಚರ್ಯವೆಂದರೆ ಅವಳ ಹೊಟ್ಟೆನೋವು ಅವತ್ತಿನಿಂದ ಪತ್ತೆಯಿಲ್ಲ.

ಶತ್ರುವಿನ ಜೊತೆ ಹೋರಾಡುವ ಮೊದಲು ಅವನ ಜಾತಕ ನೋಡಬೇಕಲ್ಲ. ಮೊಬೈಲಿನಲ್ಲಿ ಹುಡುಕಿ ಓದಿದೆ. ಮೊದಲು ಜನ ಹಲಗೆಯ ಮೇಲೆ ಮರಳು ಹರಡಿ ಗೆರೆ ಎಳೆದು ಎಣಿಸುತ್ತಿದ್ದರಂತೆ, ಆಮೇಲೆ ಗೆರೆಗಳ ಮೇಲೆ ಕಲ್ಲಿನ ಹರಳು ಇಟ್ಟರಂತೆ. ಚೀನಾದವರು ಹರಳಿಗೆ ತೂತು ಕೊರೆದು ಕಡ್ಡಿಗೆ ಪೋಣಿಸಿದರು, ಮೇಲೆ ಎರಡು ಮಣಿ, ಕೆಳಗೆ ಐದು. ಜಪಾನಿನವರು ಇಷ್ಟೆಲ್ಲ ಯಾಕೆ ಎಂದು ಮೇಲಿನದು ಒಂದು, ಕೆಳಗಿನದು ನಾಲ್ಕು ಮಾಡಿದರು. ಮೇಲಿನ ಮಣಿಗೆ ಬೆಲೆ ಐದು, ಕೆಳಗಿನ ಒಂದೊಂದಕ್ಕೂ ಒಂದು. ಕಡ್ಡಿಯಿಂದ ಕಡ್ಡಿಗೆ ಎಡಕ್ಕೆ ಹೋದರೆ ಬಿಡಿ, ಹತ್ತು, ನೂರು, ಸಾವಿರ. ಯಾವ ಮಣಿಯನ್ನೂ ಸರಿಸದೆ ಬಿಟ್ಟ ಕಡ್ಡಿ ಸೊನ್ನೆ. ಓದುತ್ತಾ ಹೋದ ಹಾಗೆ ಒಂದು ವಿಷಯಕ್ಕೆ ಸಿಟ್ಟು ಇನ್ನೂ ಏರಿತು. ಸಾಮಾನು ನಿಜಕ್ಕೂ ಚೆನ್ನಾಗಿದೆ. ನಾನು ಬೋರ್ಡಿನ ಮೇಲೆ ಸ್ಥಾನಬೆಲೆ ಎಂದು ಗಂಟಲು ಹರಿದುಕೊಂಡು ಹೇಳುವುದನ್ನು ಅದು ಬಾಯಿ ಬಿಡದೆ ತೋರಿಸುತ್ತದೆ. ಕೆಟ್ಟ ಶತ್ರುವಾದರೆ ಬೈದು ಮುಗಿಸಬಹುದು, ಒಳ್ಳೆಯ ಶತ್ರುವಿನ ಜೊತೆ ಬಹಳ ಕಷ್ಟ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ನಮಗೂ ಒಂದು ಮಣಿಚೌಕಟ್ಟು ಇತ್ತು. ಹತ್ತು ಕಂಬಿ, ಕಂಬಿಗೆ ಹತ್ತು ಬಣ್ಣದ ಮಣಿ, ಅದರಲ್ಲಿ ಒಂದು ಕಳೆದುಹೋಗಿತ್ತು. ಹಾಗಾಗಿ ತೊಂಬತ್ತೊಂಬತ್ತರವರೆಗೆ ಮಣಿ ಎಣಿಸಿ, ನೂರಕ್ಕೆ ಮೇಷ್ಟ್ರು ತಮ್ಮ ಹೆಬ್ಬೆರಳು ಇಡುತ್ತಿದ್ದರು. ಆ ಮೇಷ್ಟ್ರ ಮೇಲೆ ನನಗೆ ಎಂದೂ ಸಿಟ್ಟು ಬಂದದ್ದಿಲ್ಲ ಎಂಬುದನ್ನು ದಾಖಲೆಗಾಗಿ ಹೇಳಿದೆ.

ಜಾತಕ ನೋಡಿದ ಮೇಲೆ ಯುದ್ಧಕ್ಕೆ ಹೋದೆ. ಈ ಕ್ಲಾಸಿನ ದೊಡ್ಡ ಕೇಂದ್ರ ಸಾಗರದಲ್ಲಿದೆ, ಹೊಸನಗರದ್ದು ಅದರ ಮರಿ. ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಕೋಣೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರೆ, ಇಪ್ಪತ್ತು ಮಕ್ಕಳು ಕಟಕಟ ಎಂದು ಮಣಿ ಸರಿಸುತ್ತಿದ್ದಾರೆ, ಮುಂದೆ ನಿಂತಿರುವವಳು ದಿವ್ಯಾ! ಹತ್ತು ವರ್ಷದ ಹಿಂದೆ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತಿದ್ದ ದಿವ್ಯಾ. ಹತ್ತನೇ ಕ್ಲಾಸಿನಲ್ಲಿ ಗಣಿತವನ್ನು ಹೇಗೋ ತೆವಳಿಕೊಂಡು ದಾಟಿದವಳು. ಬೋರ್ಡಿಗೆ ಕರೆದರೆ ಚಾಕ್‌ಪೀಸ್ ಹಿಡಿದು ಕಂಬದಂತೆ ನಿಲ್ಲುತ್ತಿದ್ದಳು. “ನಿಂಗೆ ಗಣಿತ ಈ ಜನ್ಮದಲ್ಲಿ ಹತ್ತೋದಲ್ಲ” ಎಂದು ನಾನೇ ಎಷ್ಟು ಸಲ ಹೇಳಿಲ್ಲ! ಈಗ ನೋಡಿದರೆ ಅವಳು ನನ್ನ ಮಗಳಿಗೆ ಗಣಿತದ ಮಿಸ್ಸು.

ಅವಳು ಮಾತ್ರ ಓಡಿ ಬಂದು, “ಬನ್ನಿ ಸರ್, ಕೂತ್ಕಳಿ ಸರ್” ಎಂದು ಕುರ್ಚಿ ಒರೆಸಿದಳು. ನಾನು ಕೂರಲಿಲ್ಲ. ಅಲ್ಲಿ ನಡೆಯುತ್ತಿದ್ದ ಪಾಠ ಕೇಳಿಸಿಕೊಂಡೆ. “ನಾಲ್ಕರ ಸ್ಮಾಲ್ ಫ್ರೆಂಡ್ ಯಾರು?” ಎಂದು ಅವಳು ಕೇಳಿದರೆ ಮಕ್ಕಳು “ಒಂದೂ” ಎಂದು ಕಿರುಚಿದರು. “ಆರರ ಬಿಗ್ ಫ್ರೆಂಡ್?” “ನಾಲ್ಕೂ!” ಕೂಡಿಸಿದರೆ ಐದಾಗುವ ಜೋಡಿ ಸಣ್ಣ ಸ್ನೇಹಿತರು, ಹತ್ತಾಗುವ ಜೋಡಿ ದೊಡ್ಡ ಸ್ನೇಹಿತರು ಎಂದು ಲೆಕ್ಕವಂತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಸಂಖ್ಯೆಗಳಿಗೆ ಅಪವರ್ತನ ಕಂಡಿದ್ದೇನೆ, ವರ್ಗಮೂಲ ಕಂಡಿದ್ದೇನೆ, ಸ್ನೇಹಿತರನ್ನು ಕಂಡಿಲ್ಲ. “ಇದೆಂತ ದಿವ್ಯಾ, ಗಣಿತನಾ ಇಲ್ಲ ಮದುವೆ ಸಂಬಂಧನಾ?” ಎಂದೆ. ಮಕ್ಕಳೆಲ್ಲ ನಕ್ಕರು, ಪ್ರಣತಿ ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಮಣಿ ನೋಡುತ್ತಿದ್ದಳು. ದಿವ್ಯಾ ನನ್ನ ಕೈಗೆ ಒಂದು ಕಾಗದ ಕೊಟ್ಟಳು, ಪಾಲಕರಿಗೆ ಸೂಚನೆಗಳು. ಅದರಲ್ಲಿ ಮೂರನೆಯದು, ಮನೆಯಲ್ಲಿ ಮಕ್ಕಳಿಗೆ ಬೇರೆ ವಿಧಾನದಲ್ಲಿ ಲೆಕ್ಕ ಹೇಳಿಕೊಡಬಾರದು. “ಬ್ಯಾಡ ಸರ್, ಮಕ್ಳಿಗೆ ಕನ್‌ಫ್ಯೂಸ್ ಆಗ್ತದೆ” ಎಂದು ಅವಳು ಮೆತ್ತಗೆ ಹೇಳಿದಳು. ನನ್ನ ಮನೆಯಲ್ಲಿ ನನಗೇ ನಿಷೇಧಾಜ್ಞೆ! ಕಾಗದವನ್ನು ಎಂಟು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಧಡಧಡ ಇಳಿದು ಬಂದೆ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ, ಸುಮ, ಪ್ರಣತಿ ಮೂವರೂ ವರದಹಳ್ಳಿಯ ಆಶ್ರಮಕ್ಕೆ ಹೊರಟರು. ನನಗೆ ಉತ್ತರಪತ್ರಿಕೆ ತಿದ್ದುವುದಿದೆ ಎಂದು ಸುಳ್ಳು ಹೇಳಿ ಉಳಿದುಕೊಂಡು, ಬಾಗಿಲು ಹಾಕಿಕೊಂಡು, ಆ ಚೌಕಟ್ಟನ್ನು ಎದುರಿಗಿಟ್ಟುಕೊಂಡು ಕೂತೆ. ಇದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಎಂಟಕ್ಕೆ ಏಳು ಕೂಡಿಸುವುದು ಸಲೀಸಾಗಿ ಬಂತು. ಏಳರ ದೊಡ್ಡ ಸ್ನೇಹಿತ ಮೂರು, ಮೂರು ಮಣಿ ಇಳಿಸಿ ಪಕ್ಕದ ಕಡ್ಡಿಯಲ್ಲಿ ಒಂದು ಏರಿಸಿದರೆ ಹದಿನೈದು. ಹೆಮ್ಮೆಯಿಂದ ಆರಕ್ಕೆ ಏಳು ಕೂಡಿಸಲು ಹೋದೆ. ಮೂರು ಇಳಿಸಬೇಕು, ಕೆಳಗೆ ಇರುವುದೇ ಒಂದು ಮಣಿ. ಆಗ ಮೇಲಿನ ಐದನ್ನು ತೆಗೆದು ಕೆಳಗೆ ಎರಡು ಹಾಕಬೇಕಂತೆ, ಅಂದರೆ ದೊಡ್ಡ ಸ್ನೇಹಿತ ಬಂದು ಸಣ್ಣ ಸ್ನೇಹಿತನನ್ನೂ ಕರೆಯಬೇಕು. ಹೆಬ್ಬೆರಳಿನಿಂದ ಏರಿಸಬೇಕಾದ್ದನ್ನು ನಾನು ತೋರುಬೆರಳಿನಿಂದ ಏರಿಸಿದೆ, ಅಂಗಿಯ ತೋಳು ತಾಗಿ ಪಕ್ಕದ ಮೂರು ಕಡ್ಡಿ ಕಲಕಿಹೋದವು. ಆರಕ್ಕೆ ಏಳು ಕೂಡಿಸಿ ನನಗೆ ಬಂದ ಉತ್ತರ ನಾಲ್ಕು ಸಾವಿರದ ಚಿಲ್ಲರೆ. ಚೌಕಟ್ಟನ್ನು ಎತ್ತಿ ಬಿಸಾಡುವವನಿದ್ದೆ, ಮಗಳಿಗೆ ಏನು ಹೇಳುವುದೆಂದು ಹೆದರಿ ಸುಮ್ಮನಾದೆ.

ಅಷ್ಟರಲ್ಲಿ ಪ್ರಣತಿಗೆ ಚೌಕಟ್ಟೇ ಬೇಡವಾಗುವ ಮಟ್ಟ ಬಂದಿತ್ತು. ಕಣ್ಣು ಮುಚ್ಚಿ ಗಾಳಿಯಲ್ಲೇ ಬೆರಳಾಡಿಸಿ ಉತ್ತರ ಹೇಳುತ್ತಾರಂತೆ, ಮಣಿಗಳು ತಲೆಯೊಳಗೆ ಕಾಣುತ್ತವಂತೆ. ಅಮ್ಮ ಮೊದಲ ಸಲ ಅದನ್ನು ನೋಡಿ, “ಶ್, ಮಗು ಜಪ ಮಾಡ್ತಾ ಇದೆ, ಯಾರೂ ಮಾತಾಡಿಸಬ್ಯಾಡಿ” ಎಂದು ಮನೆಯವರನ್ನೆಲ್ಲ ಸುಮ್ಮನಿರಿಸಿದ್ದಳು. ಬೆರಳಿನ ಗೆಣ್ಣು ಎಣಿಸುತ್ತಾ ಜಪ ಮಾಡುವವಳಿಗೆ ಅದು ಸಹಜವಾಗಿಯೇ ಕಂಡಿತ್ತು. ನಾನು ಬಿಡುವವನಲ್ಲ. ಮಗಳನ್ನು ಎದುರು ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು, “ಹೇಳು ನೋಡನ, ಇಪ್ಪತ್ಮೂರು, ನಲವತ್ತೈದು, ಅದ್ರಲ್ಲಿ ಆರು ಕಳಿ” ಎಂದೆ. ಬೆರಳು ಎರಡು ಸಲ ಆಡಿತು, ನಿಂತಿತು. ಐವತ್ತೆರಡು ಎಂದಳು. ಅರವತ್ತೆರಡು ಆಗಬೇಕಿತ್ತು! ಮರುದಿನ ಇನ್ನೊಂದು ಲೆಕ್ಕ, ಮತ್ತೆ ತಪ್ಪು. ಒಂದು ವಾರದಲ್ಲಿ ಹನ್ನೊಂದು ಲೆಕ್ಕ ಕೊಟ್ಟೆ, ಒಂಬತ್ತು ತಪ್ಪು. ಕ್ಲಾಸಿನಿಂದ ಬರುವ ಹಾಳೆಗಳಲ್ಲಿ ಮಾತ್ರ ಎಲ್ಲವೂ ಸರಿ, ಕೆಂಪು ಶಾಯಿಯ ನಕ್ಷತ್ರಗಳು. ನನಗೆ ಥಟ್ಟನೆ ಹೊಳೆಯಿತು. ದಿವ್ಯಾ ಉತ್ತರ ಹೇಳಿಕೊಟ್ಟು ಬರೆಸುತ್ತಿದ್ದಾಳೆ! ಪತ್ತೇದಾರನಿಗೆ ಆಗುವಂಥ ಸಂತೋಷ ನನಗಾಯಿತು, ಸಿಟ್ಟಿನ ಜೊತೆಗೆ.

ಆ ತಿಂಗಳ ಕೊನೆಗೆ ತೀರ್ಥಹಳ್ಳಿಯಲ್ಲಿ ಅವರ ಸ್ಪರ್ಧೆಯಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯ ಮಕ್ಕಳು. ಊಟಕ್ಕೆ ಕೂತಾಗ ನಾನು ಘೋಷಿಸಿದೆ. “ತೀರ್ಥಹಳ್ಳೀಲಿ ನೋಡೇ ಬಿಡನ. ಅಲ್ಲಿ ಪ್ರೈಜ್ ಬಂತು, ನಾನು ಬಾಯಿ ಮುಚ್ಕಂಡಿರ್ತೀನಿ. ಬರ್ಲಿಲ್ಲ, ಮಾರನೇ ದಿನದಿಂದ ಆ ಕ್ಲಾಸು ಬಂದ್. ಮೊದಲಿನ ಹಂಗೆ ನಾನೇ ಕೂರಿಸ್ಕಂಡು ಹೇಳ್ಕೊಡ್ತೀನಿ.” ಪ್ರಣತಿ ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. ಹೊಟ್ಟೆನೋವು ಎಂದು ಎದ್ದು ಹೋದಳು. ನೋಡಿದಿರಾ, ಮತ್ತೆ ಶುರುವಾಯಿತು ಎಂದು ನಾನು ಮಜ್ಜಿಗೆ ಹಾಕಿಕೊಂಡೆ.

ತೀರ್ಥಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಸ್ಪರ್ಧೆ. ಮದುವೆಯ ಊಟದ ಉದ್ದ ಮೇಜುಗಳ ಮುಂದೆ ಮಕ್ಕಳು ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು ಕೂತಿದ್ದರು. ಪಾಲಕರನ್ನು ಹಗ್ಗ ಕಟ್ಟಿ ಒಂದು ಪಕ್ಕಕ್ಕೆ ನಿಲ್ಲಿಸಿದ್ದರು. ನಾನು ಜೇಬಿನಲ್ಲಿ ಕಾಗದ, ಪೆನ್ನು ಇಟ್ಟುಕೊಂಡು ಕಂಬದ ಮರೆಯಲ್ಲಿ ನಿಂತೆ. ಮೊದಲ ಸುತ್ತು, ಮೈಕಿನಲ್ಲಿ ಸಂಖ್ಯೆ ಕೂಗುತ್ತಾರೆ, ಮಕ್ಕಳು ಮನಸ್ಸಿನಲ್ಲೇ ಕೂಡಿಸಿ ಬರೆಯಬೇಕು. ಕೂಗುತ್ತಿದ್ದವನು ಸಾಗರದಿಂದ ಬಂದ ಯಾರೋ ಅಪರಿಚಿತ. ಪ್ರಣತಿಯ ಬೆರಳುಗಳು ಮೇಜಿನ ಮೇಲೆ ಹರಿದಾಡುತ್ತಿದ್ದವು, ಕಣ್ಣು ಅರ್ಧ ಮುಚ್ಚಿತ್ತು, ತುಟಿಯಲ್ಲಿ ಸಣ್ಣ ನಗು. ಆ ನಗುವನ್ನು ನಾನು ಲೆಕ್ಕದ ಪುಸ್ತಕದ ಮುಂದೆ ಎಂದೂ ನೋಡಿರಲಿಲ್ಲ. ನಾನೂ ಬರೆದು ಕೂಡಿಸುತ್ತಿದ್ದೆ. ಐದನೆಯ ಸಂಖ್ಯೆ ಬರೆಯುವಾಗ ಅವರು ಎಂಟನೆಯದನ್ನು ಕೂಗಿ ಆಗಿತ್ತು. ಹತ್ತು ಲೆಕ್ಕ ಮುಗಿದಾಗ ಉತ್ತರ ಓದಿದರು, ಅವಳ ಹಾಳೆಯ ಮೇಲೆ ಹತ್ತು ಸರಿ ಗುರುತು ಬಿತ್ತು. ನನ್ನ ಕಾಗದದ ಮೇಲೆ ಎಷ್ಟು ಸರಿಯಿತ್ತು ಎಂಬುದು ಈ ಪ್ರಬಂಧಕ್ಕೆ ಸಂಬಂಧಿಸಿದ ವಿಷಯವಲ್ಲ.

ಆದರೂ ನಂಬಿಕೆ ಬರಲಿಲ್ಲ. ಹತ್ತಿರದಿಂದ ನೋಡಿ ಖಾತ್ರಿ ಮಾಡಿಕೊಳ್ಳೋಣವೆಂದು ಎರಡನೇ ಸುತ್ತಿಗೆ ಹೊರಗಿನಿಂದ ಸುತ್ತಿ ಬಂದು ಅವಳ ಎದುರಿನ ಕಿಟಕಿಯ ಸರಳು ಹಿಡಿದು ನಿಂತೆ. ಸಂಖ್ಯೆ ಶುರುವಾಯಿತು. ಅವಳು ತಲೆ ಎತ್ತಿದಳು, ನನ್ನನ್ನು ನೋಡಿದಳು. ಬೆರಳು ನಿಂತುಹೋಯಿತು. ಪಕ್ಕದ ಮಕ್ಕಳ ಕೈ ಆಡುತ್ತಿದೆ, ಇವಳದ್ದು ಮೇಜಿನ ಮೇಲೆ ಸತ್ತ ಹಾಗೆ ಬಿದ್ದಿದೆ. “ಮಾಡೇ, ಮಾಡು!” ಎಂದು ನಾನು ಕಣ್ಣಲ್ಲೇ ಗದರಿದೆ. ಅವಳು ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ದಿವ್ಯಾ ಓಡಿ ಬಂದಳು. “ಸರ್, ದಯವಿಟ್ಟು ಆಚೆ ಬನ್ನಿ ಸರ್.”

“ನಾನೆಂತ ಮಾಡ್ದೆ? ಸುಮ್ನೆ ನಿಂತಿದೀನಿ ಅಷ್ಟೆ!”

“ಅದೇ ಸರ್. ನೀವು ನಿಂತ್ರೆ ಸಾಕು.” ಕಿಟಕಿಗೆ ಅಡ್ಡ ನಿಂತು ಹೇಳಿದಳು, “ಬೋರ್ಡಿಗೆ ಕರೆದಾಗ ನಂಗೂ ಹಿಂಗೇ ಆಗ್ತಿತ್ತು ಸರ್. ಉತ್ತರ ಗೊತ್ತಿರ್ತಿತ್ತು. ಕೈ ಏಳ್ತಿರ್ಲಿಲ್ಲ.”

“ಗೊತ್ತಿದ್ರೆ ಆಗ್ಲೇ ಎಂತಕ್ಕೆ ಹೇಳ್ಲಿಲ್ಲ ನೀನು?”

“ಈಗ ಹೇಳಿದ್ನಲ್ಲ ಸರ್” ಎಂದು ಅವಳು ಒಳಗೆ ಹೋದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಅದನ್ನು ಯಾರ ಮೇಲೆ ಹಾಕುವುದು ಎಂದು ಗೊತ್ತಾಗಲಿಲ್ಲ, ಅದು ನನಗೆ ಹೊಸ ಅನುಭವ. ಮಂಟಪದ ಹೊರಗೆ ಚಪ್ಪಲಿಗಳ ರಾಶಿಯ ಪಕ್ಕ ಹೋಗಿ ನಿಂತೆ. ಸುಮ ಹಿಂದೆಯೇ ಬಂದಳು. ಅವಳು ದನಿ ಏರಿಸದೆ ಹೇಳಿದಳು, “ಅವಳು ಲೆಕ್ಕದಲ್ಲಿ ಮುಂದೆ ಬರ್ಲಿ ಅಂತ ನಾನು ಕ್ಲಾಸಿಗೆ ಹಾಕಿದ್ದಲ್ಲ. ಸಂಜೆ ಆದ್ರೆ ನಿಮ್ಮ ಹತ್ರ ಕೂರಬೇಕಲ್ಲ ಅಂತ ಮಧ್ಯಾಹ್ನದಿಂದ್ಲೇ ಅವಳಿಗೆ ಹೊಟ್ಟೆ ನೋಯ್ತಿತ್ತು. ಡಾಕ್ಟ್ರಿಗೂ ತೋರಿಸಿದೀನಿ, ನಿಮಗೆ ಹೇಳಿಲ್ಲ.”

“ನಂಗೆ ಎಂತಕ್ಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮಗೆ ಸಿಟ್ಟು ಬರ್ತಿತ್ತು.”

“ನಂಗೆಲ್ಲಿ ಸಿಟ್ಟು ಬರ್ತದೆ!” ಎಂದು ನಾನು ಅರಚಿದ್ದಕ್ಕೆ ರಸ್ತೆಯ ಆಚೆ ಬದಿಯಲ್ಲಿ ಎಳನೀರು ಕುಡಿಯುತ್ತಿದ್ದವರು ಇಬ್ಬರು ತಿರುಗಿ ನೋಡಿದರು. ಸುಮ ಚಪ್ಪಲಿಗಳನ್ನು ನೋಡುತ್ತಾ ನಿಂತಳು. ನಾನೂ ನೋಡಿದೆ. ಇನ್ನೂರು ಜೊತೆ ಸಣ್ಣ ಸಣ್ಣ ಚಪ್ಪಲಿಗಳಲ್ಲಿ ನನ್ನ ಮಗಳದ್ದು ಯಾವುದೆಂದು ನನಗೆ ಗುರುತು ಸಿಗಲಿಲ್ಲ.

ಪ್ರೈಜ್ ಬರಲಿಲ್ಲ. ಎರಡನೇ ಸುತ್ತಿನಲ್ಲಿ ಮೊದಲ ನಾಲ್ಕು ಲೆಕ್ಕ ಖಾಲಿ, ಉಳಿದದ್ದೆಲ್ಲ ಸರಿ. ಆ ನಾಲ್ಕು ಖಾಲಿ ಜಾಗಕ್ಕೆ ಯಾರ ಹೆಸರು ಬರೆಯಬೇಕೆಂದು ನನಗೂ ಗೊತ್ತಿತ್ತು, ಸುಮಳಿಗೂ ಗೊತ್ತಿತ್ತು. ವಾಪಸು ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಂಚದಲ್ಲಿ ಜನ ಇಳಿದ ಮೇಲೆ ಮೂವರಿಗೂ ಒಂದೇ ಸೀಟು ಸಿಕ್ಕಿತು. ಕಿಟಕಿಗೆ ನಾನು, ನಡುವೆ ಪ್ರಣತಿ, ಆಚೆ ಸುಮ. ಬಸ್ಸು ಹೊರಟು ಸ್ವಲ್ಪ ಹೊತ್ತಾದ ಮೇಲೆ ಪ್ರಣತಿ ತನ್ನ ಮಡಿಲನ್ನೇ ನೋಡುತ್ತಾ ಕೇಳಿದಳು, “ನಾಳೆಯಿಂದ ನಾನು ದಿವ್ಯಾ ಮಿಸ್ ಹತ್ರ ಹೋಗೋ ಹಂಗಿಲ್ವಾ ಅಪ್ಪ?”

“ಹೋಗಬ್ಯಾಡ ಅಂತ ಅಂದೋರು ಯಾರು?” ಎಂದು ರೇಗಿದೆ. ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಪ್ರಣತಿ ನನ್ನ ತೋಳು ಮುಟ್ಟಿ, “ಅಪ್ಪ, ನೀನು ಹಂಗೇ ಹೊರಗೆ ನೋಡ್ಕಂಡು ಎದ್ರು ಬರೋ ಗಾಡಿ ನಂಬರ್ ಹೇಳು. ಕೊನೇ ಎರಡು ಸಾಕು. ನಾನು ಕೂಡಿಸ್ತೀನಿ. ನನ್ ಕಡೆ ಮಾತ್ರ ತಿರುಗ್ಬಾರ್ದು, ಆಯ್ತಾ?” ಎಂದಳು. ಇಪ್ಪತ್ತೆರಡು ವರ್ಷ ಮಕ್ಕಳ ಮುಖ ನೋಡಿಯೇ ಲೆಕ್ಕ ಕೊಟ್ಟವನು ನಾನು. ಆಯಿತು ಎಂದೆ. ಒಂದು ಸಿಮೆಂಟ್ ಲಾರಿ ಬಂತು, ಮೂವತ್ತೆಂಟು ಎಂದೆ. ಹಾಲಿನ ವ್ಯಾನು, ಅರವತ್ತೊಂದು. ಒಂದು ಜೀಪಿನ ನಂಬರಿಗೆ ಕೆಸರು ಹಾರಿ ಏನೂ ಕಾಣಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಮೊದಮೊದಲು ನಾನೂ ಮನಸ್ಸಿನಲ್ಲಿ ಕೂಡಿಸುತ್ತಿದ್ದೆ. ಆಮೇಲೆ ನನ್ನ ತೋಳಿಗೆ ತಾಗುತ್ತಿದ್ದ ಅವಳ ಕೈಯಲ್ಲಿ ಬೆರಳುಗಳು ಆಡುವುದು ಗೊತ್ತಾಗತೊಡಗಿತು. ಮೂವತ್ತೆಂಟಾದ ಮೇಲೆ ಎಷ್ಟಾಯಿತು, ಜೀಪಿಗೆ ನಾನು ಹೇಳಿದ್ದು ಎಷ್ಟು, ಎಲ್ಲ ತಪ್ಪಿಹೋಯಿತು. ಒಂಬತ್ತೋ ಹತ್ತೋ ಗಾಡಿಯಾದ ಮೇಲೆ ಅವಳೇ ಸಾಕು ಎಂದಳು.

“ಐನೂರ ಹದಿನಾಲ್ಕು. ಸರಿನಾ ಅಪ್ಪ?”

ಲೆಕ್ಕ ತಾಳೆ ನೋಡದೆ ನಾನು ಇದುವರೆಗೆ ಯಾರಿಗೂ ಅರ್ಧ ಮಾರ್ಕ್ಸು ಕೊಟ್ಟವನಲ್ಲ.

“ಸರಿ” ಎಂದೆ.

“ನಿಜವಾಗ್ಲೂ ಸರಿನಾ?”

“ಸರಿ ಅಂದ್ನಲ್ಲ, ಮತ್ತೆಂತ!” ಎಂದು ಕಿಟಕಿಯ ಕಡೆಗೇ ಗದರಿದೆ.